ಕಾಪುವಿನ ಗಾಳಿ, ಕಾರ್ಕಳದ ಸೆಕೆ: ಪಾಲಿಹೌಸಿನ ಕರೆಂಟ್ ಬಿಲ್ಲನ್ನು ಕಟ್ಟುವ ಮೊದಲೇ ಲೆಕ್ಕ ಹಾಕುವುದು ಹೇಗೆ?

ಪಾಲಿಹೌಸ್ ಹಾಕಿಸಲು ಹೊರಟವರ ಕೈಗೆ ಬರುವ ಕೊಟೇಶನ್ ಒಮ್ಮೆ ಓದಿ ನೋಡಿ. ಜಿಐ ಪೈಪಿನ ದಪ್ಪ ಎಷ್ಟು, ಪ್ಲಾಸ್ಟಿಕ್ ಶೀಟ್ 200 ಮೈಕ್ರಾನ್ ಹೌದೋ ಅಲ್ಲವೋ, ಕೀಟಬಲೆ ಎಷ್ಟು ಮೆಶ್, ಫ್ಯಾನ್ ಎಷ್ಟು, ಸಬ್ಸಿಡಿ ಕಳೆದು ಕೈಯಿಂದ ಹೋಗುವುದೆಷ್ಟು, ಇದೆಲ್ಲ ಇರುತ್ತದೆ. ಸಾಮಾನ್ಯವಾಗಿ ಇಲ್ಲದಿರುವುದು ಏಪ್ರಿಲ್ ತಿಂಗಳ ಕರೆಂಟ್ ಬಿಲ್. ಅದು ಗೊತ್ತಾಗುವುದು ಬೆಳೆ ನಿಂತ ಮೇಲೆ, ಸಾಲದ ಕಂತು ಶುರುವಾದ ಮೇಲೆ.

ಈ ಬಿಲ್ಲನ್ನು ಕಂಬ ನೆಡುವ ಮೊದಲೇ ಅಂದಾಜು ಮಾಡಬಹುದು. ಅದಕ್ಕೆ ಸಿಮ್ಯುಲೇಶನ್ ಸಾಫ್ಟ್‌ವೇರ್‌ಗಳಿವೆ, ಅದರಲ್ಲೂ ಒಳ್ಳೆಯ ಕೆಲವು ಪುಕ್ಕಟೆ ಸಿಗುತ್ತವೆ. ಆದರೆ ಅವು ಹುಟ್ಟಿದ್ದು ಚಳಿ ದೇಶಗಳಲ್ಲಿ. ಉಡುಪಿ ಜಿಲ್ಲೆಯ ಕರಾವಳಿಗೆ ಅವನ್ನು ತಂದು ಕೂರಿಸುವಾಗ ಕೆಲವು ಕಡೆ ಬಿಚ್ಚಿ, ಕೆಲವು ಕಡೆ ಹೊಲಿಯಬೇಕಾಗುತ್ತದೆ. ಎಲ್ಲಿ, ಯಾಕೆ ಅನ್ನುವುದೇ ಈ ಬರಹದ ವಿಷಯ.

ಮೊದಲು ಕೈಲೆಕ್ಕ

ಸಾಫ್ಟ್‌ವೇರ್ ತೆರೆಯುವ ಮೊದಲು ಒಂದು ಹಾಳೆ, ಒಂದು ಪೆನ್ನು ಸಾಕು. 25 ಸೆಂಟ್ಸ್ ಜಾಗ, ಅಂದರೆ ಸುಮಾರು 1,000 ಚದರ ಮೀಟರಿನ ಒಂದು ಪಾಲಿಹೌಸ್ ಇದೆ ಅಂತ ಇಟ್ಟುಕೊಳ್ಳೋಣ. ಒಂದು ಗೋಡೆಗೆ ಒದ್ದೆ ಪ್ಯಾಡು, ಎದುರಿನ ಗೋಡೆಗೆ 1.1 ಕಿಲೋವ್ಯಾಟಿನ ನಾಲ್ಕು ದೊಡ್ಡ ಫ್ಯಾನು, ಪ್ಯಾಡಿಗೆ ನೀರು ಹರಿಸಲು 0.75 ಕಿಲೋವ್ಯಾಟಿನ ಪಂಪು. ದಿನಕ್ಕೆ 8 ಗಂಟೆ ಓಡಿದರೆ 41 ಯೂನಿಟ್, ತಿಂಗಳಿಗೆ ಸುಮಾರು 1,236 ಯೂನಿಟ್. ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ 8,650 ರೂಪಾಯಿ. ಹನಿ ನೀರಾವರಿ ಪಂಪು, ದೀಪ ಎಲ್ಲ ಇದರಲ್ಲಿ ಸೇರಿಲ್ಲ.

ಈ ದುಡ್ಡಿಗೆ ಎಷ್ಟು ತಂಪು ಬರುತ್ತದೆ? ಒದ್ದೆ ಪ್ಯಾಡು ಕೆಲಸ ಮಾಡುವುದು ನೀರು ಆವಿಯಾಗುವುದರಿಂದ. ಹೊರಗಿನ ಗಾಳಿ ಒಣಗಿದ್ದರೆ ನೀರು ಬೇಗ ಆವಿಯಾಗುತ್ತದೆ, ಗಾಳಿ ತಣ್ಣಗಾಗುತ್ತದೆ. ಗಾಳಿಯಲ್ಲೇ ನೀರು ತುಂಬಿದ್ದರೆ ಏನೂ ಆಗುವುದಿಲ್ಲ. ಮಳೆಗಾಲದಲ್ಲಿ ಉಡುಪಿಯಲ್ಲಿ ಬಟ್ಟೆ ಒಣಗಿಸಿದವರಿಗೆ ಇದನ್ನು ವಿವರಿಸುವುದು ಬೇಡ. ಬಿಸಿ ಗಾಳಿಯನ್ನು ನೀರಿನಿಂದ ಎಲ್ಲಿಯವರೆಗೆ ತಣ್ಣಗೆ ಮಾಡಬಹುದು ಅನ್ನುವ ಮಿತಿಗೆ ವೆಟ್ ಬಲ್ಬ್ ತಾಪಮಾನ ಅನ್ನುತ್ತಾರೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿ ಹಾಕಿದರೆ ಅದು ತೋರಿಸುವ ಅಂಕಿ. ಒಳ್ಳೆಯ ಪ್ಯಾಡು ಈ ಮಿತಿಯ ದಾರಿಯಲ್ಲಿ ಶೇ. 80ರಷ್ಟು ದೂರ ಹೋಗುತ್ತದೆ.

ಈಗ ವಿಜಯಪುರದ ಕಡೆಯ ಒಂದು ಬೇಸಿಗೆ ಮಧ್ಯಾಹ್ನ ತೆಗೆದುಕೊಳ್ಳಿ: 39 ಡಿಗ್ರಿ, ತೇವಾಂಶ ಶೇ. 25. ವೆಟ್ ಬಲ್ಬ್ ಸುಮಾರು 23.7. ಪ್ಯಾಡಿನಿಂದ ಹೊರಬರುವ ಗಾಳಿ 26.8 ಡಿಗ್ರಿ. ಬರೋಬ್ಬರಿ 12 ಡಿಗ್ರಿ ಇಳಿಕೆ. ಕರಾವಳಿಯ ಮಧ್ಯಾಹ್ನ: 33 ಡಿಗ್ರಿ, ತೇವಾಂಶ ಶೇ. 70. ವೆಟ್ ಬಲ್ಬ್ 28.4. ಪ್ಯಾಡಿನಿಂದ ಬರುವ ಗಾಳಿ 29.3. ಇಳಿಕೆ 3.7 ಡಿಗ್ರಿ. ಫ್ಯಾನು ಅದೇ, ಪಂಪು ಅದೇ, ಬಿಲ್ಲೂ ಅದೇ. ತಂಪು ಮಾತ್ರ ಮೂರನೇ ಒಂದು ಪಾಲಿಗಿಂತ ಕಡಿಮೆ.

ರಾತ್ರಿಯಂತೂ ಕೇಳಲೇಬೇಡಿ. ಕಡಲ ಬದಿಯಲ್ಲಿ ರಾತ್ರಿ ತೇವಾಂಶ ಶೇ. 90ರ ಹತ್ತಿರ ಹೋಗುತ್ತದೆ, ಪ್ಯಾಡು ಇದ್ದೂ ಇಲ್ಲದ ಹಾಗೆ. ಕ್ಯಾಪ್ಸಿಕಂ, ಜರ್ಬೆರಾದಂಥ ತಂಪು ರಾತ್ರಿ ಕೇಳುವ ಬೆಳೆಗಳನ್ನು ಬೆಂಗಳೂರು ಸುತ್ತಮುತ್ತ ನೋಡಿ ಬಂದು ಇಲ್ಲಿ ಹಾಕುವವರು ಇದನ್ನು ನೆನಪಿಡಬೇಕು. ಏಪ್ರಿಲ್ ರಾತ್ರಿಯ 25-26 ಡಿಗ್ರಿಯನ್ನು 18ಕ್ಕೆ ಇಳಿಸಲು ಎಸಿಯೇ ಬೇಕು. ಅಂದರೆ ಕರೆಂಟ್ ಬಿಲ್ಲಿನ ಅತಿ ದೊಡ್ಡ ತೀರ್ಮಾನ ಫ್ಯಾನಿನ ಬ್ರ್ಯಾಂಡ್ ಅಲ್ಲ, ಬೆಳೆಯ ಆಯ್ಕೆ.

ಬಿಸಿಲಿನ ಲೆಕ್ಕ, ಗಾಳಿಯ ಲೆಕ್ಕ

ಪ್ಯಾಡು ಅರ್ಧ ಕತೆ ಅಷ್ಟೇ. ಒಳಗೆ ಬಿದ್ದ ಬಿಸಿಲು ಎಲ್ಲಿಗೆ ಹೋಗುತ್ತದೆ ಅನ್ನುವುದು ಉಳಿದರ್ಧ.

ನೆತ್ತಿಯ ಬಿಸಿಲು ಚದರ ಮೀಟರಿಗೆ 800 ವ್ಯಾಟ್ ಅನ್ನೋಣ. ಶೀಟ್ ದಾಟಿ ಒಳಗೆ ಬರುವುದು ಶೇ. 65, ಅಂದರೆ 520 ವ್ಯಾಟ್. ಗಿಡ ಚೆನ್ನಾಗಿ ಬೆಳೆದಿದ್ದರೆ ಅದರಲ್ಲಿ ಅರ್ಧದಷ್ಟನ್ನು ಎಲೆಗಳು ಬೆವರುವುದಕ್ಕೆ ಖರ್ಚು ಮಾಡುತ್ತವೆ. ಉಳಿದ ಅರ್ಧ ಗಾಳಿಯನ್ನು ಕಾಯಿಸುತ್ತದೆ. 1,000 ಚದರ ಮೀಟರಿಗೆ ಇದು 260 ಕಿಲೋವ್ಯಾಟ್. ನಾಲ್ಕು ಫ್ಯಾನುಗಳು ಸೆಕೆಂಡಿಗೆ ತಲಾ 10 ಘನ ಮೀಟರ್ ಗಾಳಿ ಎಳೆದರೆ, ಪ್ಯಾಡಿನಿಂದ ಫ್ಯಾನಿನ ತುದಿಗೆ ಹೋಗುವಷ್ಟರಲ್ಲಿ ಗಾಳಿ 5.6 ಡಿಗ್ರಿ ಬಿಸಿಯಾಗುತ್ತದೆ. 29.3ಕ್ಕೆ 5.6 ಸೇರಿಸಿ: ಫ್ಯಾನಿನ ತುದಿಯಲ್ಲಿ 34.9. ಹೊರಗಿನ 33ಕ್ಕಿಂತ ಹೆಚ್ಚು! ಅದೇ ಮನೆಯ ಮೇಲೆ ಶೇ. 50ರ ನೆರಳು ಬಲೆ ಎಳೆದರೆ ಈ ಏರಿಕೆ 2.8ಕ್ಕೆ ಇಳಿಯುತ್ತದೆ. ಅಂದರೆ ಕರೆಂಟೇ ಇಲ್ಲದ ಬಲೆ ಕೊಡುವ ಲಾಭ, ಪಂಪು ಓಡಿಸಿ ಪ್ಯಾಡು ಕೊಡುವ 3.7ರ ಹತ್ತಿರವೇ ಇದೆ.

ಇಲ್ಲಿ ಕಾಪು ಮತ್ತು ಕಾರ್ಕಳ ಬೇರೆಯಾಗುತ್ತವೆ. ಕಾಪುವಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಪಡುವಣದಿಂದ ಕಡಲ ಗಾಳಿ ಏಳುತ್ತದೆ. ಪಾಲಿಹೌಸನ್ನು ಉತ್ತರ-ದಕ್ಷಿಣ ಉದ್ದಕ್ಕೆ ಕಟ್ಟಿ, 60 ಮೀಟರ್ ಉದ್ದದ ಪಶ್ಚಿಮ ಬದಿಯನ್ನು 2.5 ಮೀಟರ್ ಎತ್ತರಕ್ಕೆ ತೆರೆದಿಟ್ಟರೆ 150 ಚದರ ಮೀಟರಿನ ಬಾಯಿ. ಗಾಳಿಯ ವೇಗ ಸೆಕೆಂಡಿಗೆ 2.5 ಮೀಟರ್, ಕೀಟಬಲೆ ತಡೆಯುವುದನ್ನೂ ಕಳೆದು ಕಾಲುಭಾಗ ಮಾತ್ರ ಒಳಗೆ ಬರುತ್ತದೆ ಅಂತ ಹಿಡಿಯೋಣ. ಆಗಲೂ ಸೆಕೆಂಡಿಗೆ 94 ಘನ ಮೀಟರ್. ನಾಲ್ಕು ಫ್ಯಾನಿನ ಎರಡು ಪಟ್ಟಿಗಿಂತ ಹೆಚ್ಚು, ಪುಕ್ಕಟೆ. ನೆರಳು ಬಲೆಯೂ ಇದ್ದರೆ ಒಳಗಿನ ತಾಪ ಸುಮಾರು 34.2. ಪ್ಯಾಡು, ಫ್ಯಾನು, ನೆರಳು ಬಲೆ ಮೂರೂ ಇದ್ದರೆ 32.1. ವ್ಯತ್ಯಾಸ ಎರಡೇ ಡಿಗ್ರಿ. ಆ ಎರಡು ಡಿಗ್ರಿಗೆ ತಿಂಗಳಿಗೆ 8,650 ರೂಪಾಯಿ ಕೊಡಬೇಕೇ? ಮುಳ್ಳುಸೌತೆ ಬೆಳೆಯುವವರಿಗೆ ಬೇಡ. ಕ್ಯಾಪ್ಸಿಕಂ ಆದರೆ 32 ದಾಟಿದ ಮೇಲೆ ಹೂ ಉದುರಲು ಶುರು, ಹಾಗಾಗಿ ಯೋಚಿಸಬೇಕು. ಆದರೆ ರಾತ್ರಿಯ ಸಮಸ್ಯೆ ಆಗಲೇ ಹೇಳಿದ್ದೇನೆ.

ಕಾರ್ಕಳ ಘಟ್ಟದ ಬುಡ. ಕಡಲ ಗಾಳಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಸುಸ್ತಾಗಿರುತ್ತದೆ. ಗಾಳಿಯ ವೇಗ ಸೆಕೆಂಡಿಗೆ 1 ಮೀಟರ್, ಹೊರಗೆ 35 ಡಿಗ್ರಿ, ತೇವಾಂಶ ಶೇ. 55 ಅಂತ ಹಿಡಿದು ಅದೇ ಲೆಕ್ಕ ಹಾಕಿ. ಬದಿ ತೆರೆದು ನೆರಳು ಬಲೆ ಹಾಕಿದರೆ ಒಳಗೆ 38. ಪ್ಯಾಡು, ಫ್ಯಾನು, ಬಲೆ ಹಾಕಿದರೆ 31.9. ಇಲ್ಲಿ ವ್ಯತ್ಯಾಸ ಆರು ಡಿಗ್ರಿ! ಕರಾವಳಿಯಲ್ಲಿ ಪ್ಯಾಡು ದಂಡ ಅಂತ ನಾನು ಮೇಲೆ ಹೇಳುತ್ತಾ ಬಂದದ್ದು ಕಾರ್ಕಳಕ್ಕೆ ಬಂದಾಗ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ಚಾವಣಿಯಲ್ಲಿ ಬಿಸಿ ಗಾಳಿ ಹೊರಹೋಗುವ ಕಿಂಡಿ ಇಟ್ಟರೆ 38 ಒಂದಿಷ್ಟು ಇಳಿಯಬಹುದು, ಆದರೆ ಆರು ಡಿಗ್ರಿ ತುಂಬುವುದು ಕಷ್ಟ. ಒಂದೇ ಜಿಲ್ಲೆ, ನೇರ ದೂರ 30 ಕಿಲೋಮೀಟರಿನ ಒಳಗೆ, ಉತ್ತರ ಮಾತ್ರ ತಲೆಕೆಳಗು.

ಹಾಗಾದರೆ ಸಾಫ್ಟ್‌ವೇರ್ ಯಾಕೆ?

ನಾನು ಮೇಲೆ ಮಾಡಿದ್ದು ಒಂದು ಗಂಟೆಯ ಲೆಕ್ಕ. ವರ್ಷಕ್ಕೆ 8,760 ಗಂಟೆಗಳಿವೆ. ಪ್ರತಿ ಗಂಟೆಗೂ ಬಿಸಿಲು ಬೇರೆ, ಗಾಳಿ ಬೇರೆ, ಗಿಡದ ಎತ್ತರ ಬೇರೆ, ಹಿಂದಿನ ಗಂಟೆ ಮಣ್ಣು ಹಿಡಿದಿಟ್ಟ ಬಿಸಿ ಬೇರೆ. ಗಿಡ ಅರ್ಧ ಬಿಸಿಲನ್ನು ಬೆವರಿಗೆ ಖರ್ಚು ಮಾಡುತ್ತದೆ ಅಂದೆನಲ್ಲ, ಆ ಅರ್ಧ ಕೂಡ ಗಂಟೆಗಂಟೆಗೂ ಬದಲಾಗುತ್ತದೆ. ಸಾಫ್ಟ್‌ವೇರ್ ಈ ಲೆಕ್ಕವನ್ನು 8,760 ಸಲ ಮಾಡುತ್ತದೆ. ಅದರಿಂದ ನಿಜವಾಗಿ ಬೇಕಾದ ಉತ್ತರ ಸಿಗುತ್ತದೆ: ವರ್ಷದಲ್ಲಿ ಎಷ್ಟು ಗಂಟೆ ಫ್ಯಾನಿಲ್ಲದೆ ಆಗುವುದೇ ಇಲ್ಲ? ಅದು ಯಾವ ತಿಂಗಳು, ಯಾವ ಹೊತ್ತು?

ಈಗ ಏನೇನು ಸಿಗುತ್ತದೆ ನೋಡೋಣ. ಅಮೆರಿಕದ ಕೃಷಿ ಇಲಾಖೆಯ ವರ್ಚುವಲ್ ಗ್ರೋವರ್ ಪುಕ್ಕಟೆ, ಬಳಸುವುದೂ ಸುಲಭ. ಆದರೆ ಅದರ ಜೀವಾಳ ಚಳಿಗಾಲದ ಹೀಟಿಂಗ್ ಖರ್ಚು. ಕಾಪುವಿಗೆ ಓಡಿಸಿದರೆ ಹೀಟಿಂಗ್ ಖರ್ಚು ಸೊನ್ನೆ ಅನ್ನುತ್ತದೆ, ನಮಗೂ ಗೊತ್ತಿತ್ತು. ನೆದರ್ಲೆಂಡ್ಸ್‌ನ ವಾಗೆನಿಂಗನ್ ವಿಶ್ವವಿದ್ಯಾಲಯದಿಂದ 2020ರಲ್ಲಿ ಬಂದ ಗ್ರೀನ್‌ಲೈಟ್ ಮುಕ್ತ ತಂತ್ರಾಂಶ. ಗಿಡದ ಬೆವರು, ಬೆಳವಣಿಗೆ ಎಲ್ಲ ಅದರೊಳಗೇ ಇದೆ, ಅದೇ ಅದರ ಶಕ್ತಿ. ಆದರೆ ಅದು ನೋಡುವುದು ಗಾಜಿನ ಮನೆ, ಬಿಸಿನೀರಿನ ಪೈಪು, ಕೃತಕ ದೀಪ ಇರುವ ಡಚ್ ವ್ಯವಸ್ಥೆಯನ್ನು. ಬದಿ ತೆರೆದ ಪ್ಲಾಸ್ಟಿಕ್ ಮನೆಗೆ ಹೊಂದಿಸಲು ಕೋಡ್ ಒಳಗೆ ಕೈ ಹಾಕಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ 1975ರಿಂದ ಇದೆ, ಗಟ್ಟಿ ಸಾಮಾನು, ಆದರೆ ಲೈಸೆನ್ಸಿಗೆ ದುಡ್ಡು ಕೊಡಬೇಕು.

ಮಧ್ಯಮ ದಾರಿ ಎನರ್ಜಿಪ್ಲಸ್. ಅಮೆರಿಕದ ಇಂಧನ ಇಲಾಖೆಯದ್ದು, ಪುಕ್ಕಟೆ, ಮುಕ್ತ. ನಮ್ಮ ಎಂಜಿನಿಯರಿಂಗ್ ಮತ್ತು ಆರ್ಕಿಟೆಕ್ಚರ್ ವಿದ್ಯಾರ್ಥಿಗಳಲ್ಲಿ ಹಲವರು ಕಟ್ಟಡದ ಪ್ರಾಜೆಕ್ಟಿಗೆ ಇದನ್ನೇ ಬಳಸಿರುತ್ತಾರೆ. ಬಾಗಿಲು-ಕಿಂಡಿಯ ಗಾಳಿ, ಫ್ಯಾನು, ಒದ್ದೆ ಪ್ಯಾಡು ಎಲ್ಲ ಇದರಲ್ಲಿ ಮಾದರಿ ಮಾಡಬಹುದು. ಇದಕ್ಕೆ ಗೊತ್ತಿಲ್ಲದ್ದು ಗಿಡ. ಇದರ ಪಾಲಿಗೆ ಪಾಲಿಹೌಸ್ ಅಂದರೆ ಖಾಲಿ ಗಾಜಿನ ಕೋಣೆ. ಗಿಡದ ಬೆವರನ್ನು ನೀವೇ ಕೈಯಾರೆ ಸೇರಿಸಬೇಕು: ಗಾಳಿಯಿಂದ ಇಷ್ಟು ಬಿಸಿ ಕಳೆದು, ಅಷ್ಟೇ ಪ್ರಮಾಣದ ತೇವ ಕೂಡಿಸು ಅಂತ ಗಂಟೆವಾರು ವೇಳಾಪಟ್ಟಿ ಕೊಡಬೇಕು. ಇದನ್ನು ಮರೆತರೆ ಸಾಫ್ಟ್‌ವೇರ್ ಬಿಸಿಯನ್ನು ಹೆಚ್ಚು ತೋರಿಸುತ್ತದೆ, ನೀವು ಬೇಡದ ಫ್ಯಾನು ಖರೀದಿಸುತ್ತೀರಿ. ತೇವ ಕೂಡಿಸುವುದನ್ನು ಮಾತ್ರ ಮರೆತರೆ ಅದಕ್ಕಿಂತ ಅಪಾಯ, ಯಾಕೆಂದರೆ ಮಳೆಗಾಲದ ಶಿಲೀಂಧ್ರ ರೋಗ ನಿಮ್ಮ ಗ್ರಾಫಿನಲ್ಲಿ ಕಾಣಿಸುವುದೇ ಇಲ್ಲ.

ಹವಾಮಾನ ಫೈಲಿನ ರಾಜಕೀಯ

ಇದು ನನಗೆ ಬಹಳ ಮುಖ್ಯ ಅನ್ನಿಸಿದ ಭಾಗ. ಯಾವ ಸಾಫ್ಟ್‌ವೇರ್ ಆದರೂ ಮೊದಲು ಕೇಳುವುದು ಹವಾಮಾನ ಫೈಲ್: ವರ್ಷದ ಪ್ರತಿ ಗಂಟೆಯ ತಾಪಮಾನ, ತೇವಾಂಶ, ಬಿಸಿಲು, ಗಾಳಿ. ನಮಗೆ ಹತ್ತಿರದಲ್ಲಿ ಸಿದ್ಧವಾಗಿ ಸಿಗುವುದು ಮಂಗಳೂರಿನ ಫೈಲ್. ಅದು ಬಜಪೆಯದ್ದು. ಬಜಪೆ ವಿಮಾನ ನಿಲ್ದಾಣ ಗುಡ್ಡದ ತಲೆ ಕಡಿದು ಮಾಡಿದ ಟೇಬಲ್‌ಟಾಪ್. ಅಲ್ಲಿನ ಗಾಳಿಯನ್ನು ಕಾರ್ಕಳದ ತಗ್ಗಿನ ತೋಟಕ್ಕೆ ಹಾಕಿದರೆ ಫ್ಯಾನೇ ಬೇಡ ಅಂತ ಬರಬಹುದು.

ಇನ್ನೊಂದು ದಾರಿ ನಾಸಾದ ಪವರ್ ಅನ್ನುವ ತಾಣ. ಅಕ್ಷಾಂಶ-ರೇಖಾಂಶ ಕೊಟ್ಟರೆ ಗಂಟೆವಾರು ದತ್ತಾಂಶ ಪುಕ್ಕಟೆ ಕೊಡುತ್ತದೆ. ಆದರೆ ಅದು ಭೂಮಿಯನ್ನು ಚೌಕಗಳಾಗಿ ನೋಡುತ್ತದೆ, ತಾಪಮಾನ ಮತ್ತು ಗಾಳಿಗೆ ಒಂದು ಚೌಕ ಅರ್ಧ ಡಿಗ್ರಿಗಿಂತ ದೊಡ್ಡದು, ಅಂದರೆ ಬದಿಗೆ 50 ಕಿಲೋಮೀಟರಿಗೂ ಹೆಚ್ಚು. ಕಾಪುವಿನ ಲೈಟ್‌ಹೌಸೂ ಕಾರ್ಕಳದ ಗೊಮ್ಮಟನೂ ಒಂದೇ ಚೌಕದೊಳಗೆ ಕೂರುವಷ್ಟು ದೊಡ್ಡದು. ನಾವು ಈಗಷ್ಟೇ ಎರಡೂ ಊರಿಗೆ ತದ್ವಿರುದ್ಧ ಉತ್ತರ ಬಂದದ್ದನ್ನು ನೋಡಿದೆವು. ಉಪಗ್ರಹದ ಕಣ್ಣಿಗೆ ಆ ವ್ಯತ್ಯಾಸವೇ ಕಾಣುವುದಿಲ್ಲ.

ಇದಕ್ಕೆ ಪರಿಹಾರ ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆ ಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ನಡೆಸುತ್ತದೆ. ದೇಶದಲ್ಲೇ ಇಷ್ಟು ದಟ್ಟ ಜಾಲ ಅಪರೂಪ. ಸಾರ್ವಜನಿಕ ದುಡ್ಡಿನಲ್ಲಿ ಅಳೆದ ಈ ಗಂಟೆವಾರು ತಾಪ, ತೇವ, ಗಾಳಿಯ ಅಂಕಿಗಳು ಯಾರು ಬೇಕಾದರೂ ನೇರವಾಗಿ ಇಳಿಸಿಕೊಂಡು ಸಾಫ್ಟ್‌ವೇರಿಗೆ ಹಾಕುವ ರೂಪದಲ್ಲಿ ಸಿಗಬೇಕು. ಇದಕ್ಕೆ ದೊಡ್ಡ ಬಜೆಟ್ ಬೇಡ, ಒಂದು ಆದೇಶ ಸಾಕು.

ಅಲ್ಲಿಯವರೆಗೆ ಜುಗಾಡ್ ಮಾಡಬೇಕು. ಒಂದು ಸಣ್ಣ ವೈಫೈ ಬೋರ್ಡು, ತಾಪ-ತೇವ ಅಳೆಯುವ ಒಂದು ಸೆನ್ಸರು, ಗಾಳಿಯ ವೇಗಕ್ಕೊಂದು ಕಪ್ ಮೀಟರು ತೆಗೆದುಕೊಂಡು ಜಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಮೂರು ವಾರ ಅಳೆಯಿರಿ. ನೆರಳಲ್ಲಿಡಬೇಕು, ಬಿಸಿಲಲ್ಲಿಟ್ಟರೆ ಅದು ಗಾಳಿಯ ಬದಲು ತನ್ನ ಡಬ್ಬಿಯ ತಾಪ ಹೇಳುತ್ತದೆ. ಆ ಅಂಕಿಗಳಿಗೆ ತಕ್ಕಂತೆ ಮಂಗಳೂರಿನ ಫೈಲನ್ನು ತಿದ್ದಿ. ಹತ್ತಿರದಲ್ಲಿ ಯಾರದ್ದಾದರೂ ಪಾಲಿಹೌಸ್ ಇದ್ದರೆ ಒಳಗೂ ಒಂದು ಸೆನ್ಸರ್ ಇಟ್ಟು ಅದೇ ಮನೆಯನ್ನು ಮೊದಲು ಮಾದರಿ ಮಾಡಿ. ಸಾಫ್ಟ್‌ವೇರಿನ ಉತ್ತರ ನಿಜಕ್ಕಿಂತ ಎರಡು ಡಿಗ್ರಿಯೊಳಗೆ ಬಂದರೆ ಮುಂದಕ್ಕೆ ಹೋಗಬಹುದು. ಐದಾರು ಡಿಗ್ರಿ ತಪ್ಪಿದರೆ ಸಾಮಾನ್ಯವಾಗಿ ಕಳ್ಳ ಸಿಗುವುದು ಎರಡು ಕಡೆ: ಗಿಡದ ಬೆವರು ಅಥವಾ ಕೀಟಬಲೆ ಗಾಳಿಯನ್ನು ತಡೆಯುವ ಪ್ರಮಾಣ.

ಬಿಲ್ಲಿನಲ್ಲಿ ಕಾಣದ ಎರಡು ಸಂಗತಿ

ಮೊದಲನೆಯದು ನಿಗದಿತ ಶುಲ್ಕ. ಮಂಜೂರಾದ ಲೋಡಿಗೆ ತಕ್ಕಂತೆ ತಿಂಗಳು ತಿಂಗಳು ಕಟ್ಟಬೇಕಾದ ದುಡ್ಡು ಇದು. ಫ್ಯಾನು ಓಡಿಸಿದರೂ ಬಿಟ್ಟರೂ ಮೀಟರ್ ಇರುವವರೆಗೆ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಂಪಿಗೆ ಪ್ಯಾಡು ಬೇಡದ ಊರಿನಲ್ಲಿ ಬೇಸಿಗೆಯ ನೆತ್ತಿಯ ಗಂಟೆಗೆ ಹೊಂದಿಸಿ ನಾಲ್ಕು ಫ್ಯಾನು ಹಾಕಿದರೆ, ಹನ್ನೆರಡು ತಿಂಗಳೂ ಆ ಲೋಡಿನ ದುಡ್ಡು ಕಟ್ಟುತ್ತೀರಿ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ಕರೆಂಟ್ ಉಚಿತ, ಆದರೆ ಫ್ಯಾನು ಪಂಪ್‌ಸೆಟ್ ಅಲ್ಲ. ಯಾವ ವರ್ಗದಲ್ಲಿ ಮೀಟರ್ ಕೊಡುತ್ತಾರೆ ಅಂತ ಮೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಬರಹದಲ್ಲೇ ಕೇಳಿ ಪಡೆಯಿರಿ, ಬಾಯಿಮಾತು ಬೇಡ.

ಎರಡನೆಯದು ಕರೆಂಟ್ ಹೋಗುವುದು. ಸಿಮ್ಯುಲೇಶನ್‌ನಲ್ಲಿ ಕರೆಂಟ್ ಯಾವತ್ತೂ ಹೋಗುವುದಿಲ್ಲ. ಎಲ್ಲ ಬದಿ ಮುಚ್ಚಿದ ಪ್ಯಾಡು-ಫ್ಯಾನಿನ ಮನೆಯಲ್ಲಿ ಮಧ್ಯಾಹ್ನ ಎರಡು ಗಂಟೆಗೆ ಫ್ಯಾನು ನಿಂತರೆ, ಆ 260 ಕಿಲೋವ್ಯಾಟ್ ಬಿಸಿ ಒಳಗಿನ ಸುಮಾರು 4,000 ಘನ ಮೀಟರ್ ಗಾಳಿಯನ್ನು ಮೊದಮೊದಲು 18 ಸೆಕೆಂಡಿಗೆ ಒಂದು ಡಿಗ್ರಿಯಂತೆ ಏರಿಸುತ್ತದೆ. ಕೆಲವೇ ನಿಮಿಷದಲ್ಲಿ 45ರ ಹತ್ತಿರ. ಆದ್ದರಿಂದ ಮಾದರಿ ಓಡಿಸುವಾಗ ಒಂದು ಸಲ ಮಧ್ಯಾಹ್ನ ಒಂದು ಗಂಟೆ ಫ್ಯಾನನ್ನು ಸೊನ್ನೆ ಮಾಡಿ ನೋಡಿ. ಬದಿ ಸುತ್ತಿ ಎತ್ತುವ ಪರದೆ ಇಲ್ಲದ ವಿನ್ಯಾಸವನ್ನು ನಾನಂತೂ ಒಪ್ಪುವುದಿಲ್ಲ.

ಫ್ಯಾನು ಹಾಕಲೇಬೇಕಾದ ಜಾಗದಲ್ಲಿ ಉಳಿತಾಯಕ್ಕೆ ಒಳ್ಳೆಯ ದಾರಿ ವೇಗ ಇಳಿಸುವುದು. ಫ್ಯಾನಿನ ವೇಗವನ್ನು ಶೇ. 80ಕ್ಕೆ ಇಳಿಸಿದರೆ ಗಾಳಿ ಶೇ. 20 ಕಡಿಮೆಯಾಗುತ್ತದೆ, ಕರೆಂಟ್ ಮಾತ್ರ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಯಾಕೆಂದರೆ ವಿದ್ಯುತ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ನಿಯಂತ್ರಿಸುವ ಡ್ರೈವ್‌ನ ಖರ್ಚು ಎಷ್ಟು ತಿಂಗಳಲ್ಲಿ ವಾಪಸ್ ಅನ್ನುವುದನ್ನು ಸಾಫ್ಟ್‌ವೇರ್ ಚೆನ್ನಾಗಿ ಹೇಳುತ್ತದೆ.

ಸಬ್ಸಿಡಿಗೆ ಹವಾಮಾನ ಗೊತ್ತಿಲ್ಲ

ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್ನಿನ 2014ರ ಮಾರ್ಗಸೂಚಿಯಲ್ಲಿ ಪ್ಯಾಡು-ಫ್ಯಾನಿನ ಪಾಲಿಹೌಸಿಗೆ, 500ರಿಂದ 1,008 ಚದರ ಮೀಟರಿನ ವರ್ಗದಲ್ಲಿ, ಚದರ ಮೀಟರಿಗೆ 1,465 ರೂಪಾಯಿ ಅಂದಾಜು ವೆಚ್ಚ ಇತ್ತು. ಸಹಜ ಗಾಳಿಯ, ಪೈಪಿನ ಪಾಲಿಹೌಸಿಗೆ 935. ಎರಡಕ್ಕೂ ಸಬ್ಸಿಡಿ ಶೇ. 50. ದರಗಳು ಆಮೇಲೆ ಪರಿಷ್ಕರಣೆಯಾಗಿವೆ, ಆದರೆ ಲೆಕ್ಕದ ಸ್ವರೂಪ ಅರ್ಥವಾಗಲು ಇದು ಸಾಕು. 1,000 ಚದರ ಮೀಟರಿಗೆ 14.65 ಲಕ್ಷ ಮತ್ತು 9.35 ಲಕ್ಷ. ವ್ಯತ್ಯಾಸ 5.3 ಲಕ್ಷ, ಅದರಲ್ಲಿ ಅರ್ಧ ರೈತರದ್ದು, ಅರ್ಧ ನಮ್ಮ ನಿಮ್ಮ ತೆರಿಗೆಯದ್ದು. ಕಾಪುವಿನಲ್ಲಿ ಈ 5.3 ಲಕ್ಷಕ್ಕೆ ಸಿಗುವುದು ಎರಡು ಡಿಗ್ರಿ, ಜೊತೆಗೆ ಪ್ರತಿ ತಿಂಗಳ ಬಿಲ್ಲು.

ಗುಡ್ಡಗಾಡು ಪ್ರದೇಶಕ್ಕೆ ಸ್ವಲ್ಪ ಹೆಚ್ಚು ಅನ್ನುವುದು ಬಿಟ್ಟರೆ ಆ ದರಪಟ್ಟಿ ವಿಜಯಪುರಕ್ಕೂ ಉಡುಪಿಗೂ ಒಂದೇ. ಅದೇ ದೇಶದಲ್ಲಿ ಕಟ್ಟಡಗಳ ಇಂಧನ ಸಂಹಿತೆ ದೇಶವನ್ನು ಐದು ಹವಾಮಾನ ವಲಯಗಳಾಗಿ ಹಂಚಿದೆ. 100 ಕಿಲೋವ್ಯಾಟ್ ಅಥವಾ ಅದಕ್ಕಿಂತ ಹೆಚ್ಚಿನ ಲೋಡಿನ ವಾಣಿಜ್ಯ ಕಟ್ಟಡ ಸಿಮ್ಯುಲೇಶನ್ ಮಾಡಿಸಿ ತನ್ನ ಇಂಧನ ಬಳಕೆ ಮಿತಿಯೊಳಗಿದೆ ಅಂತ ತೋರಿಸುವ ದಾರಿ ಅದರಲ್ಲಿದೆ. ಮಾಲ್ ಕಟ್ಟುವವರಿಗೆ ಇರುವ ಈ ಸಲಕರಣೆ 25 ಸೆಂಟ್ಸ್‌ನ ರೈತರಿಗೆ ಯಾಕಿಲ್ಲ? ಪ್ರತಿ ರೈತರೂ ಎನರ್ಜಿಪ್ಲಸ್ ಕಲಿಯಬೇಕು ಅಂತ ಹೇಳುತ್ತಿಲ್ಲ. ಮಣಿಪಾಲದಲ್ಲಿ 1957ರಿಂದ ಎಂಜಿನಿಯರಿಂಗ್ ಕಾಲೇಜಿದೆ, ಬ್ರಹ್ಮಾವರದಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಕಾಪು, ಕಾರ್ಕಳ, ಉಡುಪಿ, ಕುಂದಾಪುರ, ಹೆಬ್ರಿ ಕಡೆಗೆ ಒಂದೊಂದು ಮಾದರಿ ಮಾಡಿ, ಬೆಳೆವಾರು ಒಂದು ಪುಟದ ಪಟ್ಟಿ ತೋಟಗಾರಿಕೆ ಇಲಾಖೆಯ ಅರ್ಜಿಯ ಜೊತೆ ಲಗತ್ತಿಸಿದರೆ ಸಾಕು. ಕೊನೆಯ ವರ್ಷದ ನಾಲ್ಕು ವಿದ್ಯಾರ್ಥಿಗಳ ಒಂದು ಸೆಮಿಸ್ಟರಿನ ಕೆಲಸ ಇದು. ನಾನು ಆ ವಯಸ್ಸಿನಲ್ಲಿ ಮಾಡಿದ ಪ್ರಾಜೆಕ್ಟು ಇದರ ಅರ್ಧ ಉಪಯೋಗಕ್ಕೂ ಬಂದಿಲ್ಲ.

ಒಂದು ಮಾತು ಸೇರಿಸಲೇಬೇಕು. ಜಿಐ ಗುರುತು ಪಡೆದ ಈ ಭಾಗದ ಎರಡು ಹೆಮ್ಮೆಯ ಬೆಳೆಗಳು, ಶಂಕರಪುರದ ಮಲ್ಲಿಗೆಯೂ ಮಟ್ಟುಗುಳ್ಳವೂ, ಬೆಳೆಯುವುದು ಬಯಲಿನಲ್ಲೇ, ಫ್ಯಾನಿಲ್ಲದೆ. ಅದೇ ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರವೂ ಇದೆ. ಪಾಲಿಹೌಸಿನ ಫ್ಯಾನು ತಿನ್ನುವ ಯೂನಿಟ್ಟು ಎಲ್ಲಿಂದ ಬರುತ್ತದೆ ಅನ್ನುವುದು ಈ ಊರಿನವರಿಗೆ ದೂರದ ಪ್ರಶ್ನೆಯಲ್ಲ.

ಮಳೆಗಾಲ ಬಂದಾಗ

ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ. ಆ ನಾಲ್ಕು ತಿಂಗಳು ಪಾಲಿಹೌಸ್ ತಂಪು ಮಾಡುವ ಯಂತ್ರ ಅಲ್ಲ, ಕೊಡೆ. ಹೊರಗೆ ತರಕಾರಿ ಕೊಳೆಯುವ ಹೊತ್ತಿಗೆ ಒಳಗೆ ಮುಳ್ಳುಸೌತೆ, ಅಲಸಂಡೆ ಸಿಕ್ಕರೆ ಅದೇ ಲಾಭ. 25 ಸೆಂಟ್ಸ್ ಚಾವಣಿಯಿಂದ ಇಳಿಯುವ ನೀರು ಲೆಕ್ಕಕ್ಕೆ 40 ಲಕ್ಷ ಲೀಟರ್. ಅದರಲ್ಲಿ ಒಂದು ಪಾಲನ್ನು ಹೊಂಡಕ್ಕೆ ಬಿಟ್ಟರೆ ಬೇಸಿಗೆಯಲ್ಲಿ ಬೋರ್‌ವೆಲ್ ಪಂಪು ಓಡಿಸುವ ಖರ್ಚು ಇಳಿಯುತ್ತದೆ. ಸಿಮ್ಯುಲೇಶನ್‌ನಲ್ಲಿ ಈ ತಿಂಗಳುಗಳಿಗೆ ನೋಡಬೇಕಾದ್ದು ತಾಪವಲ್ಲ, ಬೆಳಗಿನ ಜಾವ ಎಲೆಯ ಮೇಲೆ ನೀರು ಕೂರುವ ಗಂಟೆಗಳು. ಅದನ್ನು ತಪ್ಪಿಸಲು ಗಾಳಿ ಆಡಿಸುವ ಸಣ್ಣ ಫ್ಯಾನುಗಳು ಸಾಕಾಗುತ್ತವೆ, ಅವುಗಳ ಬಿಲ್ಲು ದೊಡ್ಡದಲ್ಲ. ನೆರಳು ಬಲೆ ಮಾತ್ರ ಸರಿಸುವಂತಿರಬೇಕು. ಮೋಡದ ದಿನದಲ್ಲಿ ಬಲೆ ಹಾಗೇ ಬಿಟ್ಟರೆ ಗಿಡ ಬೆಳಕಿಲ್ಲದೆ ಸೊರಗುತ್ತದೆ.

ಸೆಪ್ಟೆಂಬರ್ ಮುಗಿದ ಮೇಲೆ ಚಾವಣಿಯ ಶೀಟ್ ನೋಡಿ. ಪಾಚಿ ಹಿಡಿದಿರುತ್ತದೆ, ಶೇ. 65 ಅಂತ ಹಾಕಿದ ಬೆಳಕು ಅಷ್ಟು ಬರುತ್ತಿರುವುದಿಲ್ಲ. ತೊಳೆಸಿ, ಲಕ್ಸ್ ಮೀಟರಿನಿಂದ ಒಳಗೂ ಹೊರಗೂ ಅಳೆದು, ಹೊಸ ಅಂಕಿ ಹಾಕಿ ಮಾದರಿಯನ್ನು ಇನ್ನೊಮ್ಮೆ ಓಡಿಸಿ.